ನಡುವಿನ ಚುಕ್ಕಿ ಯಾರದ್ದು?

ಸಾಗರದ ಸಭಾಭವನವೊಂದರಲ್ಲಿ ನಾನು ಕೊಟ್ಟ ಡೆಮೊ ಮುಗಿದು ಎಂಟು ತಿಂಗಳಾದರೂ ಆ ಮಧ್ಯಾಹ್ನದ ಐದಾರು ನಿಮಿಷಗಳು ಇನ್ನೂ ಮನಸ್ಸನ್ನು ಚುಚ್ಚುತ್ತಿವೆ.

ಶಿವಮೊಗ್ಗದ ನಮ್ಮ ಕಚೇರಿಯಲ್ಲಿ ವಿವಾದದ ವಿಷಯಗಳ ಮೇಲೆ ಜನರು ಕನ್ನಡದಲ್ಲಿ ಮಂಡಿಸಿದ ವಾದಗಳನ್ನು ಹುಡುಕಿಕೊಡುವ ಟೂಲ್ ಒಂದನ್ನು ಕಟ್ಟುತ್ತಿದ್ದೇವೆ. ಜರ್ಮನಿಯ ಸಂಶೋಧಕರು 2017ರಲ್ಲಿ ಹೊರತಂದ ಆರ್ಗ್ಸ್ ಡಾಟ್ ಮಿ ಎಂಬ ಹುಡುಕುಯಂತ್ರ ಪರ ಮತ್ತು ವಿರೋಧದ ವಾದಗಳನ್ನು ಅಕ್ಕಪಕ್ಕದಲ್ಲಿ ಪಟ್ಟಿಮಾಡಿ ಕೊಡುತ್ತದೆ. ಯಾವ ವಾದ ಯಾವ ಅಂಶದ ಕಡೆಗೆ ವಾಲಿದೆ ಎಂಬುದನ್ನು ನಕ್ಷೆಯಾಗಿ ತೋರಿಸುವ ಕೆಲಸವನ್ನೂ ಅವರು 2018ರಲ್ಲಿ ಮಾಡಿದರು. ನಮ್ಮ ಮಾದರಿ ಅದೇ. ಬರಹದಲ್ಲಿ ಯಾವ ವಿಷಯ ಎಷ್ಟಿದೆ ಎಂದು ಲೆಕ್ಕಹಾಕುವ ಟಾಪಿಕ್ ಮಾಡೆಲ್ ಪ್ರತಿ ವಾದಕ್ಕೂ ಆರು ಅಂಶಗಳ ತೂಕ ಕೊಡುತ್ತದೆ. ನಕ್ಷೆಯಲ್ಲಿ ಪ್ರತಿ ವಾದವೂ ಒಂದು ಚುಕ್ಕಿ, ಆ ಆರು ಅಂಶಗಳು ಷಟ್ಕೋನದ ಮೂಲೆಗಳಾಗಿ ನಿಂತು ತಮ್ಮ ತೂಕದಷ್ಟೇ ಬಲದಿಂದ ಚುಕ್ಕಿಯನ್ನು ತಮ್ಮತ್ತ ಎಳೆದುಕೊಳ್ಳುತ್ತವೆ.

ಡೆಮೊಗೆ ಪಶ್ಚಿಮ ಘಟ್ಟಗಳ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯನ್ನು ಆರಿಸಿಕೊಂಡವನು ನಾನೇ. 2013ರ ಆ ವರದಿ ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿದೆ, ಆರನೆಯ ಕರಡು ಅಧಿಸೂಚನೆ 2024ರ ಜುಲೈ 31ರಂದು ಹೊರಬಿದ್ದಿದೆ, ಮಲೆನಾಡಿನಲ್ಲಿ ಇದರ ಬಗ್ಗೆ ಅಭಿಪ್ರಾಯವಿಲ್ಲದ ಮನೆಯೇ ಸಿಗುವುದಿಲ್ಲ. ಹೀಗಿರುವಾಗ ವಾದಗಳಿಗೆ ಕೊರತೆಯಾಗದು ಎಂದಷ್ಟೇ ನಾನು ಯೋಚಿಸಿದ್ದೆ. ಅಡಿಕೆ ತೋಟ, ಜಾಗದ ಹಕ್ಕು, ಕ್ವಾರಿ, ವನ್ಯಜೀವಿ, ನೀರು, ಗುಡ್ಡ ಕುಸಿತ ಎಂಬ ಆರು ಅಂಶಗಳನ್ನು ಇದೇ ಅನುಕ್ರಮದಲ್ಲಿ ಮೂಲೆಗಳಿಗೆ ಹೊಂದಿಸಿದ್ದೆ. ಪಟ್ಟಿಯ ನೋಟವನ್ನು ಡೆಮೊಗೆ ಎರಡು ದಿನ ಮೊದಲು ತೆಗೆಸಿದ್ದು ಮ್ಯಾನೇಜರ್. ಪಟ್ಟಿ ಹಳೆಯ ಕಾಲದ್ದಾಗಿ ಕಾಣುತ್ತದೆ, ನೋಡುವವರಿಗೆ ನಕ್ಷೆಯೊಂದೇ ಸಾಕು ಎಂಬುದು ಅವರ ವಾದವಾಗಿತ್ತು. ನಾನು ಎದುರು ಹೇಳಲಿಲ್ಲ.

ಮೊದಲ ಆಕ್ಷೇಪ ಬಣ್ಣದ ಮೇಲೆಯೇ ಬಂತು. ವರದಿಯ ಪರವಾದ ವಾದಗಳಿಗೆ ಹಸಿರು, ವಿರೋಧಕ್ಕೆ ಕೆಂಪು ಎಂದು ಟೂಲಿನಲ್ಲಿ ಮೊದಲಿನಿಂದಲೇ ಇದ್ದುದನ್ನು ನಾವು ಬದಲಿಸಿರಲಿಲ್ಲ. ಎದುರಿನ ಎರಡು ಸಾಲುಗಳಲ್ಲಿ ಹಸಿರು ಶಾಲು ಹೊದ್ದ ರೈತರು ಕುಳಿತಿದ್ದರು, ಅವರ ಮಾತುಗಳೆಲ್ಲ ಪರದೆಯ ಮೇಲೆ ಕೆಂಪಾಗಿ ಹರಡಿದ್ದವು. "ನಮ್ಮ ಬಣ್ಣ ಅವರಿಗೆ ಯಾಕೆ ಕೊಟ್ರಿ?" ಎಂದು ಒಬ್ಬರು ಕೇಳಿದರು. ಬದಲಿಸುತ್ತೇವೆ ಎಂದು ಹೇಳಿ ಮುಂದೆ ಹೋದೆ.

ಆಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಪರದೆಯ ಹತ್ತಿರ ಬಂದು ಷಟ್ಕೋನದ ನಟ್ಟನಡುವೆ ಬೆರಳಿಟ್ಟರು. "ತಮ್ಮಾ, ಈ ಮಧ್ಯದ ಚುಕ್ಕಿ ಯಾರದ್ದು?"

"ಅದು ಮಧ್ಯಮ ನಿಲುವಿನ ವಾದ ಯಜಮಾನರೇ, ಯಾವ ಕಡೆಗೂ ವಾಲಿಲ್ಲ" ಎಂದು ನಾನು ಒಂದು ಕ್ಷಣವೂ ತಡೆಯದೆ ಹೇಳಿ, ಅದನ್ನು ಸಾಬೀತುಪಡಿಸುವ ಉತ್ಸಾಹದಲ್ಲಿ ಚುಕ್ಕಿಯನ್ನು ಕ್ಲಿಕ್ ಮಾಡಿದೆ. ನೆಟ್‌ವರ್ಕ್ ನಿಧಾನವಿತ್ತು. ಸಾಲುಗಳು ಒಂದೊಂದಾಗಿ ತೆರೆದುಕೊಂಡಂತೆ ಮುಂದಿನವರು ಗಟ್ಟಿಯಾಗಿ ಓದತೊಡಗಿದರು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡ ಕುಟುಂಬದವರೊಬ್ಬರ ಬರಹ ಅದು. ಊರು ಬಿಟ್ಟು ಬಂದು ಕಾಡಿನಂಚಿನಲ್ಲಿ ನೆಲೆ ಕಂಡ ಜಾಗಕ್ಕೆ ಇಂದಿಗೂ ಹಕ್ಕುಪತ್ರ ಸಿಕ್ಕಿಲ್ಲ, ಈಗ ಅದೇ ಜಾಗವನ್ನು ಸೂಕ್ಷ್ಮ ಪ್ರದೇಶವೆನ್ನುವುದು ಎರಡನೆಯ ಸಲ ಮುಳುಗಿಸಿದಂತೆ ಎಂದು ಬರೆದಿದ್ದರು. ನಮ್ಮ ಸಂಗ್ರಹದಲ್ಲಿ ಅದಕ್ಕಿಂತ ಕಟುವಾದ ವಾದ ಇರಲಿಲ್ಲ. ಓದು ಮುಗಿದಾಗ ಸಭೆಯಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಹಿರಿಯರು ಪರದೆಯಿಂದ ಬೆರಳು ತೆಗೆದಿರಲಿಲ್ಲ. "ಮನೆ ಮುಳುಗಿದವರ ಮಾತು ಮಧ್ಯಮ ಹೆಂಗಾಗ್ತದೆ?" ಎಂದರು. ನಮ್ಮ ಮ್ಯಾನೇಜರ್ ಚಹಾಕ್ಕೆ ವಿರಾಮ ಘೋಷಿಸಿದರು, ನಾನು ಮೌಸ್ ಹಿಡಿದು ನಿಂತೇ ಇದ್ದೆ.

ಅಂದು ರಾತ್ರಿ ತೂಕಗಳನ್ನು ತೆಗೆದು ನೋಡಿದೆ. ಆ ಬರಹದಲ್ಲಿ ಹೆಚ್ಚುಕಡಿಮೆ ಅರ್ಧ ಜಾಗದ ಹಕ್ಕಿನದು, ಇನ್ನರ್ಧ ನೀರಿನದು. ನಾನು ಜೋಡಿಸಿದ ಅನುಕ್ರಮದಲ್ಲಿ ಆ ಎರಡೂ ಮೂಲೆಗಳು ಎದುರುಬದುರಾಗಿದ್ದವು, ಸಮನಾಗಿ ಎಳೆದಾಗ ಚುಕ್ಕಿ ನಡುವಿಗೆ ಬಂದು ನಿಂತಿತ್ತು. ತೋಟ ಮತ್ತು ವನ್ಯಜೀವಿಯ ಬಗ್ಗೆ ಅರ್ಧರ್ಧ ಬರೆದ ಬೇರೊಂದು ವಾದವೂ ಅದೇ ಜಾಗದಲ್ಲಿ ಅದರ ಅಡಿಗೆ ಮುಚ್ಚಿಹೋಗಿತ್ತು, ಆರೂ ಅಂಶಗಳನ್ನು ಸ್ವಲ್ಪ ಸ್ವಲ್ಪ ಮುಟ್ಟಿದ ಇನ್ನೊಂದು ಕೂಡ. ಮೂರೇ ಮೂಲೆಗಳಿದ್ದರೆ ಒಂದು ಜಾಗಕ್ಕೆ ಹೊಂದುವ ತೂಕದ ಹಂಚಿಕೆ ಒಂದೇ ಒಂದು ಇರುತ್ತದೆ; ನಾಲ್ಕಾದೊಡನೆ ಆ ಖಾತರಿ ಹೋಗುತ್ತದೆ. ಈ ಲೆಕ್ಕ ನನಗೆ ತಿಳಿಯದ್ದೇನಲ್ಲ. ಚುಕ್ಕಿಯ ಸ್ಥಾನ ಹೇಳುವುದು ವಾದ ಯಾವ ಅಂಶಗಳ ಬಗ್ಗೆ ಇದೆ ಎಂಬುದನ್ನು ಮಾತ್ರ, ನಿಲುವು ಎಷ್ಟು ತೀವ್ರ ಎಂಬುದನ್ನಲ್ಲ ಎಂದೂ ಗೊತ್ತಿತ್ತು. ಆದರೂ ಚಿತ್ರದ ನಡುವನ್ನು ಕಂಡೊಡನೆ ನನ್ನ ಬಾಯಿಂದ 'ಮಧ್ಯಮ' ಎಂಬ ಮಾತು ಬಂತು, ಒಬ್ಬರ ಬದುಕಿನ ನೋವಿಗೆ ಆ ಹೆಸರಿಟ್ಟೆ.

ಮುಂದಿನ ಸ್ಪ್ರಿಂಟ್‌ನಲ್ಲಿ, ಅಂದರೆ ಕೆಲಸದ ಮುಂದಿನ ಕಂತಿನಲ್ಲಿ, ಪಟ್ಟಿಯನ್ನು ಮರಳಿ ತರಲು ಮ್ಯಾನೇಜರ್ ಜೊತೆ ಜಗಳವಾಡಬೇಕಾಯಿತು, ಆಡಿದೆ. ಈಗ ಚುಕ್ಕಿಯನ್ನು ಮುಟ್ಟಿದರೆ ಅದನ್ನು ಎಳೆಯುವ ಮೂಲೆಗಳಿಗೆ ಗೆರೆಗಳು ಮೂಡುತ್ತವೆ, ಬರಹದ ಮೊದಲ ಎರಡು ಸಾಲು ಪಕ್ಕದಲ್ಲೇ ಕಾಣುತ್ತದೆ, ಒಂದರ ಮೇಲೊಂದು ಬಿದ್ದ ಚುಕ್ಕಿಗಳು ಬಿಡಿಸಿಕೊಂಡು ನಿಲ್ಲುತ್ತವೆ. ಬಣ್ಣಗಳು ನೀಲಿ ಮತ್ತು ಕಿತ್ತಳೆಯಾಗಿವೆ. ಯಾವ ಮೂಲೆಯ ಎದುರು ಯಾವ ಮೂಲೆ ಇರಬೇಕು ಎಂಬುದನ್ನು ಮಾತ್ರ ಇನ್ನೂ ನಾವೇ ಕಚೇರಿಯಲ್ಲಿ ಕುಳಿತು ತೀರ್ಮಾನಿಸುತ್ತಿದ್ದೇವೆ. ಅದಕ್ಕಾಗಿ ಮತ್ತೊಮ್ಮೆ ಸಾಗರಕ್ಕೆ ಹೋಗಿ ಆ ಹಿರಿಯರನ್ನೂ ಕೂರಿಸಿಕೊಂಡು ಮಾತಾಡಬೇಕೆಂದು ಎರಡು ಸಲ ಮೇಲ್ ಬರೆದಿದ್ದೇನೆ, ಒಪ್ಪಿಗೆ ಬಂದಿಲ್ಲ.