ಹೆಣ್ಣುಮಕ್ಕಳ ಪಾಲು ಯಾವ ಕಾಗದದಲ್ಲಿ ತಪ್ಪಿಹೋಗುತ್ತದೆ?

ಪಿತ್ರಾರ್ಜಿತ ಜಮೀನು ಮೂರು ಎಕರೆ. ತಾಯಿ ಮೊದಲೇ ಇಲ್ಲ, ಈಗ ತಂದೆಯೂ ತೀರಿಕೊಂಡರು. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಹಳೇ ಲೆಕ್ಕದಲ್ಲಾದರೆ ತಂದೆ-ಮಗನಿಗೆ ತಲಾ ಒಂದೂವರೆ ಎಕರೆ, ತಂದೆಯ ಒಂದೂವರೆ ಎಕರೆಯಲ್ಲಿ ಮಾತ್ರ ಮೂವರಿಗೂ ಭಾಗ. ಕೊನೆಗೆ ಮಗನಿಗೆ ಎರಡು ಎಕರೆ, ಹೆಣ್ಣುಮಕ್ಕಳಿಗೆ ತಲಾ 20 ಗುಂಟೆ. ಈಗಿನ ಲೆಕ್ಕದಲ್ಲಿ ಮೂವರಿಗೂ ಒಂದೊಂದು ಎಕರೆ. ಹೆಣ್ಣುಮಗಳ ಪಾಲು ನೇರ ಇಮ್ಮಡಿಯಾಗಿದೆ.

ಇದು ಹಿಂದೂ ಉತ್ತರಾಧಿಕಾರ ಕಾಯ್ದೆಯ ಮಾತು. ಜೈನ, ಬೌದ್ಧ, ಸಿಖ್ಖರಿಗೂ ಇದೇ ಕಾಯ್ದೆ. ಮುಸ್ಲಿಮರಿಗೂ ಕ್ರೈಸ್ತರಿಗೂ ಬೇರೆ. ಕರ್ನಾಟಕ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ಷರತ್ತು ಇಲ್ಲ. ಆ ದಿನ ತಂದೆ ಬದುಕಿರಬೇಕೇ ಎಂಬ ಜಗಳ ಮತ್ತೆ ಹದಿನೈದು ವರ್ಷ ನಡೆಯಿತು. ಬದುಕಿರಬೇಕು ಎಂದ 2015ರ ಪ್ರಕಾಶ್-ಫೂಲಾವತಿ ತೀರ್ಪೂ, ಬೇರೆ ದಾರಿ ಹಿಡಿದ 2018ರ ದಾನಮ್ಮ ತೀರ್ಪೂ ನಮ್ಮ ರಾಜ್ಯದಿಂದಲೇ ಹೋದ ಪ್ರಕರಣಗಳು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ತಂದೆ ಬದುಕಿರಬೇಕಾಗಿಲ್ಲ ಎಂದು ಹೇಳಿ ಮುಗಿಸಿತು.

ಕಾನೂನು ಹೀಗಿದ್ದೂ 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ನೂರಕ್ಕೆ ಸುಮಾರು 14 ಮಾತ್ರ. ಪಾಲು ತಪ್ಪುವುದು ಕೋರ್ಟಿನಲ್ಲಲ್ಲ. ನಾಡಕಚೇರಿ ಮತ್ತು ಸಬ್‌ರಿಜಿಸ್ಟ್ರಾರ್ ಕಚೇರಿಯ ನಡುವೆ.

ಮೊದಲ ಕಾಗದ ವಂಶವೃಕ್ಷ. ತಂದೆ ತೀರಿದ ಮೇಲೆ ಪೌತಿ ಖಾತೆಗೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಅರ್ಜಿ ಹಾಕುವಾಗ ಇದನ್ನು ಕೊಡಬೇಕು, ಮನೆಯವರ ಅಫಿಡವಿಟ್ಟೇ ಅದಕ್ಕೆ ಮುಖ್ಯ ಆಧಾರ. ಗಂಡುಮಕ್ಕಳ ಹೆಸರಷ್ಟೇ ಬರೆದುಕೊಟ್ಟರೆ, ಸ್ಥಳ ತನಿಖೆ ಸಡಿಲವಾಗಿದ್ದಲ್ಲಿ ಹಾಗೆಯೇ ದಾಟಿಬಿಡುತ್ತದೆ. ನಂತರ ಮ್ಯುಟೇಶನ್ (ಖಾತೆ ಬದಲಾವಣೆ) ನೋಟಿಸು, ತಕರಾರಿಗೆ ಅದರಲ್ಲೇ ಗಡುವು. ನೋಟಿಸು ಅಂಟಿಸುವುದು ತವರಿನ ಚಾವಡಿಯಲ್ಲಿ, ಮಗಳಿರುವುದು ಗಂಡನ ಊರಿನಲ್ಲಿ. ತಕರಾರು ಬರಲಿಲ್ಲ ಎಂದು ಖಾತೆ ಅಣ್ಣನ ಹೆಸರಿಗೆ ಏರುತ್ತದೆ.

ಹಾಗಾಗಿ ತಂದೆ ಹೋದ ಮೇಲೆ ಆಗಾಗ ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿ ಪಹಣಿ ನೋಡಬೇಕು. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಬದಲಾಗಿದ್ದರೆ ಪಕ್ಕದಲ್ಲೇ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಇರುತ್ತದೆ, ಅದರ ಪ್ರತಿ ತೆಗೆಸಿದರೆ ಯಾವ ವಂಶವೃಕ್ಷದ ಮೇಲೆ ಬದಲಾಯಿತು ಎನ್ನುವುದು ತಿಳಿಯುತ್ತದೆ. ನೋಟಿಸಿನ ಗಡುವಿನೊಳಗಾದರೆ ತಹಶೀಲ್ದಾರರಿಗೆ ಲಿಖಿತ ತಕರಾರು. ಏರಿಹೋಗಿದ್ದರೆ ಭೂಕಂದಾಯ ಕಾಯ್ದೆಯ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಗೊತ್ತಾದ ದಿನದಿಂದ 60 ದಿನದೊಳಗೆ. ಇಷ್ಟಾಗಿಯೂ ಖಾತೆ ಎನ್ನುವುದು ಹಕ್ಕುಪತ್ರವಲ್ಲ. ಅಣ್ಣನ ಒಬ್ಬನ ಹೆಸರಿಗೆ ಖಾತೆ ಆಗಿದೆ ಎಂದ ಮಾತ್ರಕ್ಕೆ ತಂಗಿಯ ಪಾಲು ಸಾಯುವುದಿಲ್ಲ.

ಪಾಲು ನಿಜವಾಗಿ ಕೈಬಿಡುವುದು ಹಕ್ಕು ಬಿಡುಗಡೆ ಪತ್ರದಲ್ಲಿ. "ಖಾತೆ ಮಾಡಿಸೋಕೆ ಒಂದು ಸೈನ್ ಬೇಕು, ಬಾರಕ್ಕ" ಎಂದು ಕರೆಸುತ್ತಾರೆ, ಕಾಗದ ಕೈಗೆ ಬರುವುದು ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ. ಅರಿಶಿನ-ಕುಂಕುಮಕ್ಕೆ ಅಂತ ಒಂದು ಸೀರೆ, ಒಂದಷ್ಟು ದುಡ್ಡು. ಪೌತಿ ಖಾತೆಗೆ ನೋಂದಾಯಿತ ಬಿಡುಗಡೆ ಪತ್ರ ಬೇಕೇ ಇಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಿ. ಕರಡನ್ನು ಮೊದಲೇ ತರಿಸಿಕೊಂಡು ಷೆಡ್ಯೂಲ್ (ಸ್ವತ್ತುಗಳ ವಿವರ) ಓದಬೇಕು: ಒಂದು ಸರ್ವೆ ನಂಬರಿನ ಮಾತಾಡಿ ನಾಲ್ಕನ್ನು ಸೇರಿಸಿರುತ್ತಾರೆ. ದುಡ್ಡು ಪಡೆದು ಬಿಡುವುದಾದರೆ ಮೊತ್ತ ಪತ್ರದಲ್ಲೇ ಇರಲಿ, ಹಣ ಬ್ಯಾಂಕಿನ ಮೂಲಕ ಬರಲಿ. ಒಮ್ಮೆ ನೋಂದಣಿಯಾದ ಪತ್ರವನ್ನು ಮೋಸವೆಂದು ರದ್ದು ಮಾಡಿಸಲು, ಮೋಸ ಗೊತ್ತಾದಾಗಿನಿಂದ ಮೂರು ವರ್ಷವಷ್ಟೇ ಅವಕಾಶ. ಬಾಯಿಮಾತಿನಲ್ಲಿ "ನನಗೇನೂ ಬೇಡಪ್ಪ" ಅಂದದ್ದಕ್ಕೆ ಮಾತ್ರ ಬೆಲೆಯಿಲ್ಲ.

"ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎನ್ನುವುದು ಪಂಚಾಯ್ತಿಕಟ್ಟೆಯ ವಾದ, ಕಾಯ್ದೆಯಲ್ಲಿ ಅದಕ್ಕೆ ಜಾಗವಿಲ್ಲ. ಹಳೇ ಪಾಲುಪಟ್ಟಿಯದು ಬೇರೆ ವಿಷಯ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ವಿಭಾಗವಾಗಿದ್ದರೆ ಅದು ಊರ್ಜಿತ. ಹಳೇ ತಾರೀಖು ಹಾಕಿದ ಬಿಳಿಹಾಳೆಯ ಪಾಲುಪಟ್ಟಿಗಳು ಹೊರಬರುವುದು ಇದೇ ಕಾರಣಕ್ಕೆ. ಸರ್ಕಾರಿ ದಾಖಲೆಯ ಬೆಂಬಲವಿಲ್ಲದ ಬಾಯಿಮಾತಿನ ವಿಭಾಗವನ್ನು ಒಪ್ಪಬಾರದು ಎಂದು 2020ರ ತೀರ್ಪೇ ಹೇಳಿದೆ.

ವಿಭಾಗದ ದಾವೆಗೆ ಹೋಗಲೇಬೇಕಾದರೆ ಅಕ್ಕತಂಗಿಯರನ್ನೂ, ಜಮೀನು ಕೊಂಡವರನ್ನೂ ಸೇರಿಸಿ ಎಲ್ಲರನ್ನೂ ಪಕ್ಷಗಾರರನ್ನಾಗಿಸಬೇಕು, ಕುಟುಂಬದ ಎಲ್ಲ ಸ್ವತ್ತುಗಳನ್ನೂ ಹಾಕಬೇಕು. ಒಂದು ಸೈಟು ಬಿಟ್ಟುಹೋದರೂ ಎದುರಾಳಿ ಅದನ್ನೇ ಹಿಡಿಯುತ್ತಾನೆ. ಜಮೀನು ಬೇರೆಯವರಿಗೆ ಪರಭಾರೆಯಾಗುವುದನ್ನು ತಡೆಯಲು ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕುವುದು ಲೇಸು. ವಕೀಲರ ಫೀಸಿಗೆ ಹೆದರಬೇಕಿಲ್ಲ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ನಿಧಾನವಂತೂ ಆಗುತ್ತದೆ, ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪ್ರಾಥಮಿಕ ಡಿಕ್ರಿ ಬಂದ ಮೇಲೂ ಅಳತೆಗೆ, ಸ್ವಾಧೀನಕ್ಕೆ ಅಂತಿಮ ಡಿಕ್ರಿಯ ಇನ್ನೊಂದು ಸುತ್ತು ಇದೆ.

ತಂದೆಯ ಸ್ವಯಾರ್ಜಿತಕ್ಕೆ ಈ ಹುಟ್ಟಿನ ಹಕ್ಕು ಅನ್ವಯಿಸದು. ವಿಲ್ ಬರೆಯದೆ ಹೋದರೆ 1956ರಿಂದಲೇ ಸಮಪಾಲು, ಬರೆದಿಟ್ಟರೆ ಬರೆದಂತೆ.

ಕಾಯ್ದೆಯೊಳಗೇ ಉಳಿದಿರುವ ಅಸಮಾನತೆ ಸೆಕ್ಷನ್ 15. ಮಕ್ಕಳಿಲ್ಲದ ವಿಧವೆ ವಿಲ್ ಇಲ್ಲದೆ ತೀರಿಹೋದರೆ ಅವಳು ದುಡಿದು ಕೊಂಡ ಮನೆ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಹೆತ್ತ ತಾಯಿಯ ಸರದಿ ಅವರಾದ ಮೇಲೆ. ಗಂಡಸಿನ ವಿಷಯದಲ್ಲಾದರೆ ತಾಯಿ ಮೊದಲ ದರ್ಜೆಯ ವಾರಸುದಾರಳು. ತವರಿನಿಂದ ಬಂದ ಆಸ್ತಿಯಾದರೆ ಮಾತ್ರ ತಂದೆಯ ವಾರಸುದಾರರಿಗೆ ಮರಳುತ್ತದೆ. ಸದ್ಯಕ್ಕೆ ಇದನ್ನು ತಪ್ಪಿಸಲು ಇರುವ ದಾರಿ ವಿಲ್: ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಸಾಕು.