ನೀರುಳ್ಳಿ ಬೇರಿನ ತುದಿಯಲ್ಲಿ ರಂಪಣಿ

ಅಂಗಡಿಯಿಂದ ತಂದ ನೀರುಳ್ಳಿ ನಾಲ್ಕು ದಿನ ನೀರಿನ ಲೋಟದ ಮೇಲೆ ಕೂತು ಬೇರು ಬಿಡುವ ಬದಲು ಕೊಳೆತು ನಾತ ಹೊಡೆಯಿತು. ಕಾರವಾರದಲ್ಲಿ ನನ್ನ ವಿದ್ಯಾರ್ಥಿಗಳಿಗೆ ಬೇರಿನ ತುದಿಯಲ್ಲಿ ಕೋಶ ವಿಭಜನೆ ತೋರಿಸುವ ಬಯಾಲಜಿ ಪ್ರಾಕ್ಟಿಕಲ್ ಹತ್ತಿರ ಬಂದಿತ್ತು. ಭಾನುವಾರ ಕುಮಟೆಗೆ ಹೋದವಳು ಆಯಿಯ ಅಡುಗೆಮನೆ ಜಂತಿಗೆ ಜಡೆ ಹೆಣೆದು ನೇತುಹಾಕಿದ್ದ ಗೊಂಚಲಿಗೇ ಕೈ ಹಾಕಿದೆ. ಮಳೆಗಾಲಕ್ಕೆಂದು ಜೋಪಾನ ಮಾಡಿಟ್ಟ ಸಿಹಿ ನೀರುಳ್ಳಿ. "ತಿನ್ನೋದನ್ನ ಹೀಗೆ ಹಾಳು ಮಾಡ್ತೀಯಲ್ಲೇ ಮಾರಾಯ್ತಿ" ಅಂದಳು ಆಯಿ. ಆರು ಕೊಟ್ಟಳು, ಎಣಿಸಿ.

ಬುಡದ ಒಣ ಬೇರನ್ನು ಬ್ಲೇಡಿನಿಂದ ಹೆರೆದು ಇಟ್ಟೆ. ಮೂರನೇ ದಿನಕ್ಕೆ ಬಿಳಿ ದಾರದಂಥ ಬೇರು! ಬೆಳಿಗ್ಗೆಯೇ ತುದಿ ಕತ್ತರಿಸಿ ಒಂದು ದಿನ ಅಸಿಟಿಕ್ ಆಸಿಡ್ ಬೆರೆಸಿದ ಆಲ್ಕೋಹಾಲ್‌ನಲ್ಲಿ ನೆನೆಹಾಕಿದ್ದಾಯಿತು.

ಪ್ರಾಕ್ಟಿಕಲ್ ದಿನ ಜಡಿಮಳೆ, ಕರೆಂಟಿಲ್ಲ. ನಮ್ಮವು ಕನ್ನಡಿ ಇರುವ ಹಳೇ ಮೈಕ್ರೋಸ್ಕೋಪು. ಎಲ್ಲವನ್ನೂ ಕಿಟಕಿಗೆ ಒತ್ತರಿಸಿದೆವು. ತುದಿಯನ್ನು ಆಸಿಡ್‌ನಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ, ಸ್ಪಿರಿಟ್ ದೀಪಕ್ಕೆ ಹಿಡಿದು, ಮೇಲೆ ತೆಳು ಗಾಜಿನ ಕವರ್‌ಸ್ಲಿಪ್ ಇಟ್ಟು ಹೆಬ್ಬೆರಳಲ್ಲಿ ಒತ್ತಬೇಕು. ಮೊದಲ ಹತ್ತು ನಿಮಿಷದಲ್ಲೇ ಮೂರು ಕವರ್‌ಸ್ಲಿಪ್ ಚೂರಾದವು. ಒಡೆಯದೆ ಉಳಿದ ಸ್ಲೈಡುಗಳಲ್ಲೂ ಬರೀ ದುಂಡು ಚುಕ್ಕೆಗಳು. ಹೆಚ್ಚಿನ ಕೋಶಗಳು ಎರಡು ವಿಭಜನೆಗಳ ನಡುವಿನ ಹಂತದಲ್ಲೇ ಇರುತ್ತವೆ ಎಂದು ಪಾಠ ಮಾಡಿದವಳು ನಾನೇ, ಆದರೂ ಬೇಜಾರಾಯಿತು.

ಆಗ ಮೀನುಗಾರರ ಮನೆಯ ಹುಡುಗ ಕೂಗಿದ: "ಮೇಡಂ, ರಂಪಣಿ ಎಳೀತಾ ಇದಾರೆ!"

ರಂಪಣಿ ಅಂದರೆ ನಮ್ಮ ಕರಾವಳಿಯಲ್ಲಿ ಎರಡು ಗುಂಪು ಜನ ಎರಡು ತುದಿ ಹಿಡಿದು ಒಂದೇ ದಡಕ್ಕೆ ಎಳೆಯುವ ದೊಡ್ಡ ಮೀನುಬಲೆ. ಬಗ್ಗಿ ನೋಡಿದೆ. ಒಂದು ಕೋಶದೊಳಗೆ ಕೆಂಪು ಎಳೆಗಳ ಎರಡು ಗುಂಪು, ಎರಡು ತುದಿಗೆ ಜಗ್ಗಿದಂತೆ, ನಡು ಬಾಗಿ. ನೀರುಳ್ಳಿಯ 16 ವರ್ಣತಂತುಗಳು, ಅಂದರೆ ಕ್ರೋಮೋಸೋಮುಗಳು, ಇಮ್ಮಡಿಯಾಗಿ, ಆ ಕಡೆ 16, ಈ ಕಡೆ 16. ಅವನ್ನು ಜಗ್ಗುವ ಹಗ್ಗ, ಅಂದರೆ ಕೋಶದೊಳಗಿನ ಸೂಕ್ಷ್ಮ ನೂಲು, ಮಾತ್ರ ಈ ಬಣ್ಣದಲ್ಲಿ ಕಾಣುವುದಿಲ್ಲ. "ರಂಪಣಿನ ಎರಡು ದಡಕ್ಕೆ ಎಳೀತಾರೇನೋ?" ಎಂದು ಪಕ್ಕದವಳು ಅವನ ಕಾಲೆಳೆದಳು. ಅದೂ ಸರಿಯೇ. ಆದರೂ 1882ರಲ್ಲಿ ಜರ್ಮನಿಯ ಜೀವವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ ಈ ವಿಭಜನೆಗೆ ಮೈಟೋಸಿಸ್ ಎಂದು ಹೆಸರಿಟ್ಟ, ದಾರ ಎಂಬ ಅರ್ಥದ ಗ್ರೀಕ್ ಪದದಿಂದ. ಬಲೆಯೂ ದಾರದ್ದೇ ಅಲ್ಲವೇ!

"ಹಾಗಾದ್ರೆ ನೀರುಳ್ಳಿ ಹೀಗೇ ಮರಿ ಹಾಕೋದಾ?" ಅಂದ ಅವನು.

ಇಲ್ಲ, ಇದು ಬೇರು ಉದ್ದವಾಗುವ ಕೆಲಸ ಅಷ್ಟೇ. ಆಯಿ ಊರಲ್ಲಿ ನೀರುಳ್ಳಿಗೆ ಬೀಜವೇ ಬೇಕು: ಹೂ, ಪರಾಗ, ಮಡಿಯಲ್ಲಿ ಸಸಿ. ಆದರೆ ಕಿಟಕಿ ಹೊರಗಿನ ಕುಂಡದಲ್ಲಿ ಕಾಡುಬಸಳೆ ಇತ್ತು. ಉದುರಿದ ಒಂದು ಎಲೆಯನ್ನು ಎತ್ತಿ ತೋರಿಸಿದೆ. ಅಂಚಿನ ಕಚ್ಚುಕಚ್ಚಿನಲ್ಲೂ ಸಾಸಿವೆಯಷ್ಟು ಜೋಡಿ ಎಲೆ, ಕೆಳಗೆ ಕೂದಲಿನಂಥ ಬೇರು. ಇಲ್ಲಿ ನಡೆದದ್ದೂ ಅದೇ ವಿಭಜನೆ, ಆದರೆ ಹುಟ್ಟಿದ್ದು ಪೂರಾ ಗಿಡ. ತಂದೆಯಿಲ್ಲ, ತಾಯಿಯದೇ ಪಡಿಯಚ್ಚು. "ನಮ್ಮನೆ ಬಾಳೆ ಕಂದೂ ಹಾಗೇನಾ?" ಅಂದಳು ಒಬ್ಬಳು. ಹೌದು ಅಂದೆ. "ಹಾಗಾದ್ರೆ ಒಂದಕ್ಕೆ ರೋಗ ಬಂದ್ರೆ?" ಎಲ್ಲಕ್ಕೂ ಬರಬಹುದು, ತಡೆಯುವ ಗುಣ ಬೇರೆಯದಾಗಿರುವ ಒಂದು ಗಿಡವೂ ಆ ಸಾಲಲ್ಲಿ ಇರುವುದಿಲ್ಲ. ಮನೆ ತೋಟ ನೆನಪಾಯಿತೇನೋ, ಮತ್ತೆ ಮಾತಾಡಲಿಲ್ಲ.

ಮಧ್ಯಾಹ್ನ ಕರೆಂಟು ಬರುವಷ್ಟರಲ್ಲಿ ರಂಪಣಿ ಸ್ಲೈಡು ಒಣಗಿತ್ತು. ಬೇರು ಕತ್ತರಿಸಿದ ಆರೂ ನೀರುಳ್ಳಿಯನ್ನು ಮನೆಗೆ ತಂದು ಹುಳಿಗೆ ಹಾಕಿದೆ. ಆಯಿಗೆ ಹೇಳಿಲ್ಲ. ಎರಡನೇ ಬ್ಯಾಚಿಗೆ ಇನ್ನೂ ಆರು ಬೇಕು.