ದ್ರಾಕ್ಷಿ ಗಾಡಿ

2020ರ ಕೊರೊನಾ ಲಾಕ್‌ಡೌನ್ ಸಮಯ. ಒಂದು ಬೆಳಿಗ್ಗೆ ಗೇಟಿನ ಹತ್ತಿರ ದ್ರಾಕ್ಷಿ ಗಾಡಿ ಬಂತು. ಚಿಕ್ಕಬಳ್ಳಾಪುರದ ಕಡೆಯ ರೈತರು.
ಯುಗಾದಿ ದಿನ ಬಾಗಿಲು ಹಾಕಿಕೊಂಡ ದೇಶ ಇನ್ನೂ ತೆರೆದಿರಲಿಲ್ಲ. ಮಂಡಿಗೆ ಹಾಕಿದರೆ ಕೊಯ್ದ ಕೂಲಿಯೂ ಹುಟ್ಟುತ್ತಿರಲಿಲ್ಲವಂತೆ.
ಲಾಕ್‌ಡೌನ್ ಅಂತ ಹಣ್ಣು ಮಾಗೋದನ್ನು ನಿಲ್ಲಿಸುತ್ತಾ?

ಉಪ್ಪು, ಅರಿಶಿನದ ನೀರಿಟ್ಟುಕೊಂಡು ತೊಳೆಯಲು ಕೂತೆ. (ಆಗ ಹಾಲಿನ ಪ್ಯಾಕೆಟ್ಟಿಗೂ ಸೋಪಿನ ಸ್ನಾನ, ಬಿಡಿ.)
ಬೆಂಗಳೂರು ಬ್ಲೂ, ಬೀಜದ್ದು. ಹಣ್ಣಿನ ಮೇಲೆ ಬೂದಿ ಬಣ್ಣದ ತೆಳು ಪುಡಿ ಇರುತ್ತಲ್ಲ, ಅದು ಔಷಧಿ ಅಲ್ಲ, ಹಣ್ಣೇ ಬಿಡುವ ಮೇಣ. ಹೆಬ್ಬೆರಳಿನಿಂದ ಸುಮ್ನೆ ಒರೆಸಿದರೆ ಸಾಕು, ಕೆಳಗೆ ಕಡುನೇರಳೆ ಹೊಳಪು.
ಒಂದು ಒರೆಸಿದೆ. ಇನ್ನೊಂದು. ಮತ್ತೊಂದು.
ಧ್ಯಾನದ ಆಪ್ ಹಾಕಿಕೊಂಡು ಕಣ್ಣು ಮುಚ್ಚಿದರೆ ತಲೆ ತುಂಬ ಕೇಸುಗಳ ಲೆಕ್ಕ. ಇಲ್ಲಿ ಟಿವಿ ನೆನಪೇ ಆಗಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ಅಲ್ಲಿಯವರೆಗೆ ಇದ್ದದ್ದೇ ಪಾರ್ಕಿಂಗ್ ಜಗಳಕ್ಕೆ. ಅವತ್ತು ಪೂರ್ತಿ ಯಾರಿಗೆ ಎಷ್ಟು ಕೆಜಿ ಅಂತ ಮಾತು.
ಎದುರುಮನೆ ಆಂಟಿಗೆ ಶುಗರ್, ದ್ರಾಕ್ಷಿ ಮುಟ್ಟುವ ಹಾಗಿಲ್ಲ. ಆದರೂ ಎಲ್ಲರಿಗಿಂತ ಜಾಸ್ತಿ ತೂಗಿಸಿಕೊಂಡರು.
ಯಾರಿಗೆ ಆಂಟಿ ಅಂದೆ.
"ಪಕ್ಕದ ಸೈಟಿನಲ್ಲಿ ಯಾದಗಿರಿ ಕಡೆಯವರು ಊರಿಗೆ ಹೋಗೋಕಾಗದೆ ಉಳಿದಿದ್ದಾರಲ್ಲಪ್ಪ, ಆ ಮಕ್ಕಳಿಗೆ."
ಅಷ್ಟೇ. ಫೋಟೋ ಇಲ್ಲ, ಗ್ರೂಪಿನಲ್ಲಿ ಮೆಸೇಜ್ ಇಲ್ಲ.
ಚೌಕಾಸಿಯನ್ನೂ ಯಾರೂ ಮಾಡಲಿಲ್ಲ. ಮೂರನೇ ಮಹಡಿ ಅಂಕಲ್ ಕೂಡ! ಇದನ್ನು ಮಾತ್ರ ಇತಿಹಾಸದಲ್ಲಿ ಬರೆದಿಡಬೇಕು.

ಶನಿವಾರ ಟೊಮೆಟೊ ತರುತ್ತೇವೆ ಅಂತ ಹೇಳಿ ಗಾಡಿಯವರು ಹೊರಟರು.